ಸಹಾಯ ಬೇಕು: ಆರು ಮಕ್ಕಳು, ಎರಡು ದಿನದ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಸಿಂಧನೂರು ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಕೊರೊನಾದಿಂದಾಗಿ ಈ ಸಲದ (2021) ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ: ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಒಟ್ಟಿಗೆ, 22ಕ್ಕೆ ಭಾಷೆಗಳು. ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಉತ್ತರವನ್ನು ಒಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಹಾಳೆಯಲ್ಲಿ, ಸರಿಯುತ್ತರದ ಸೊನ್ನೆಯನ್ನು ಪೂರ್ತಿ ಕಪ್ಪು ಮಾಡಿ ಗುರುತಿಸಬೇಕು. ಉಳಿದವರು ಹೇಗೋ ಬರೆಯುತ್ತಾರೆ. ನನ್ನ ಚಿಂತೆ ಆರು ಮಕ್ಕಳದು; ಮೊಬೈಲ್ ಇಲ್ಲದೆ ವರ್ಷವಿಡೀ ಪಾಠ ತಪ್ಪಿದವರು. ನಿನ್ನೆ ನೋಟ್‌ಬುಕ್ಕಿನಲ್ಲಿ ಸೊನ್ನೆಗಳನ್ನು ಬರೆದು ಕಪ್ಪು ಮಾಡಲು ಹೇಳಿದರೆ, ಒಬ್ಬ ಹುಡುಗ ಪ್ರತಿ ಸೊನ್ನೆಯೊಳಗೂ ಅಚ್ಚುಕಟ್ಟಾಗಿ ಸರಿ ಗುರುತು ಹಾಕಿ ತಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆರರಲ್ಲಿ ಇಬ್ಬರು ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಜೊತೆ ಕಟ್ಟಡದ ಕೆಲಸದಲ್ಲಿದ್ದಾರೆ. ಮೇಸ್ತ್ರಿಯನ್ನು ಒಪ್ಪಿಸಿ, 15ನೇ ತಾರೀಖಿನೊಳಗೆ ಅವರನ್ನು ಸಿಂಧನೂರಿನ ಬಸ್ ಹತ್ತಿಸುವವರು ಯಾರಾದರೂ ಇದ್ದೀರಾ? ಒಬ್ಬ ಹುಡುಗಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಅವಳ ಅಜ್ಜಿಯೊಂದಿಗೆ ಮಾತನಾಡಿದ್ದೇನೆ. ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ, ಅದು ನನಗಿರಲಿ.

ಹಣ ಕೇಳುತ್ತಿಲ್ಲ. ಅಭ್ಯಾಸಕ್ಕೆ ಇನ್ನೂರು ಒಎಂಆರ್ ಹಾಳೆ, ಕನ್ನಡ ಮಾಧ್ಯಮದ ಮಾದರಿ ಪ್ರಶ್ನೆಪತ್ರಿಕೆಗಳ ಆರು ಪ್ರತಿ, ನೀಲಿ ಮತ್ತು ಕಪ್ಪು ಬಾಲ್‌ಪೆನ್ನು ಬೇಕು. ಬಳಸದೆ ಬಿಟ್ಟ ಹಳೆಯ ಮೊಬೈಲ್ ಇದ್ದರೆ ಚಾರ್ಜರ್ ಸಮೇತ ಕಳುಹಿಸಿ. ಸಂಜೆ ಆರರ ನಂತರ ಸಂದೇಶ ಹಾಕಿ. ಹಗಲು ಹೊತ್ತು ಮಕ್ಕಳ ಮನೆ ಸುತ್ತುತ್ತಿರುತ್ತೇನೆ.