ನೆತ್ತಿ ಮೇಲೆ ಉಪಗ್ರಹ ಹೋಗುತ್ತದೆ, ಕಿವಿಗೆ ಬರೀ ಸುರ್ರ್ ಅನ್ನೋ ಸದ್ದು: ಎಸ್‌ಡಿಆರ್ ಡಾಂಗಲ್ ಸಮಸ್ಯೆ (ಬಗೆಹರಿದಿದೆ)

ತಾರಸಿತಂತಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಲ್ಲಿ. ಯುಎಸ್‌ಬಿ ಟಿವಿ ಟ್ಯೂನರ್ ಡಾಂಗಲ್‌ನಿಂದ ಹವಾಮಾನ ಉಪಗ್ರಹದ ಚಿತ್ರ ಇಳಿಸಬಹುದು ಅಂತ ಒಂದು ವಿಡಿಯೋ ನೋಡಿದೆ. ಅಲ್ಲಿಂದ ತಲೆಗೆ ಹುಳ ಹೊಕ್ಕಿತು. ಆರ್‌ಟಿಎಲ್2832ಯು ಚಿಪ್ ಇರುವ ಅಗ್ಗದ ಎಸ್‌ಡಿಆರ್ (ಕಂಪ್ಯೂಟರ್ ತಂತ್ರಾಂಶದಿಂದ ನಡೆಯುವ ರೇಡಿಯೋ) ಡಾಂಗಲ್ ತರಿಸಿದೆ. ಜಾಡಿಗ್ ಅನ್ನೋ ತಂತ್ರಾಂಶ ಹಾಕಿ ಡ್ರೈವರ್ ಬದಲಾಯಿಸಿದೆ. ವೈರಿಂಗ್‌ನ ದಪ್ಪ ತಾಮ್ರದ ತಂತಿಯಲ್ಲಿ 53.4 ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ, 120 ಡಿಗ್ರಿ ಕೋನದಲ್ಲಿ ವಿ ಆಕಾರಕ್ಕೆ ಪಿವಿಸಿ ಪೈಪಿಗೆ ಕಟ್ಟಿ ಆಂಟೆನಾ ಮಾಡಿದೆ. ವಿಡಿಯೋದಲ್ಲಿ ಹೇಳಿದ ಹಾಗೆ ನೆಲಕ್ಕೆ ಸಮನಾಗಿ ಮಲಗಿಸಿ, ವಿ ಬಾಯಿ ಉತ್ತರಕ್ಕೆ ಮಾಡಿದ್ದೇನೆ.

ಮೈಸೂರು ಆಕಾಶವಾಣಿ 100.6 ಚೆನ್ನಾಗಿ ಬರುತ್ತದೆ. ಆದರೆ ನೋವಾ-19 ಅನ್ನೋ ಅಮೆರಿಕದ ಹವಾಮಾನ ಉಪಗ್ರಹಕ್ಕೆ ಅಂತ 137.1 ಮೆಗಾಹರ್ಟ್ಸ್‌ನಲ್ಲಿ ಕಾದರೆ ಬರೀ ಸುರ್ರ್. ಟ್ರ್ಯಾಕರ್ ಸೈಟಿನ ಪ್ರಕಾರ ನಿನ್ನೆ ಅದು 78 ಡಿಗ್ರಿ ಎತ್ತರದಲ್ಲಿ, ಅಂದರೆ ಹೆಚ್ಚುಕಮ್ಮಿ ನೆತ್ತಿ ಮೇಲೇ ಹೋಯಿತು. ಗಡಿಯಾರದ ಟಿಕ್‌ಟಾಕ್ ಥರ ಸದ್ದು ಬರಬೇಕಂತೆ. ಹನ್ನೊಂದು ದಿನದಲ್ಲಿ ಒಂಬತ್ತು ಸಲ ಕಾದಿದ್ದೇನೆ, ಒಂದು ಟಿಕ್ ಕೂಡ ಇಲ್ಲ. ಅದರ ಬದಲು 137ರ ಆಸುಪಾಸಿನಲ್ಲಿ ಒಂದೊಂದು ಸಲ ಸಿನಿಮಾ ಹಾಡು ಕೇಳಿಸುತ್ತದೆ! ತಂತಿ ತಪ್ಪಾ, ಡಾಂಗಲ್ ಡುಪ್ಲಿಕೇಟಾ? ಸಂಡಿಗೆ ಒಣಗಿಸುವ ಜಾಗ ಹಿಡಿದಿದ್ದೀಯ ಅಂತ ಅಮ್ಮ ಬೇರೆ ಗೊಣಗುತ್ತಿದ್ದಾರೆ.

ಗೇನ್‌ಗೌಡ:

ಆ ಸಿನಿಮಾ ಹಾಡೇ ಸುಳಿವು. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ ಏರಿಸಿದ್ದೀರಿ ಅಲ್ವಾ? ಹತ್ತಿರದ ಎಫ್‌ಎಂ ಸ್ಟೇಷನ್‌ಗಳ ಅಬ್ಬರಕ್ಕೆ ಡಾಂಗಲ್ ಉಸಿರುಕಟ್ಟಿ, ಇಲ್ಲದ ಕಡೆಯೆಲ್ಲ ಅದೇ ಸ್ಟೇಷನ್ನಿನ ಭೂತ ತೋರಿಸುತ್ತದೆ. ಗೇನ್ 30 ಡಿಬಿ ಆಸುಪಾಸಿಗೆ ಇಳಿಸಿ ನೋಡಿ. ಯಾರಾದರೂ ಆಂಪ್ಲಿಫೈಯರ್ ತಗೊಳ್ಳಿ ಅಂದರೆ ಕೇಳಬೇಡಿ. ಎಫ್‌ಎಂ ತಡೆಯುವ ಫಿಲ್ಟರ್ ಇಲ್ಲದೆ ಅದನ್ನು ಹಾಕಿದರೆ ಭೂತಕ್ಕೇ ಊಟ ಬಡಿಸಿದ ಹಾಗೆ.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಡಾಂಗಲ್ ನೇರ ಚುಚ್ಚಬೇಡಿ, ಎರಡು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬಿಡಿ. ಒಂದು ಸಲ ಮನೆ ಮೇನ್ ಸ್ವಿಚ್ಚೇ ಆರಿಸಿ ವಾಟರ್‌ಫಾಲ್ (ಸಿಗ್ನಲ್‌ಗಳು ಬಣ್ಣದ ಗೆರೆಗಳಾಗಿ ಇಳಿಯುವ ಪರದೆ) ನೋಡಿ. ನಮ್ಮ ಮನೆಯಲ್ಲಿ ಗದ್ದಲದ ಅರ್ಧ ಪಾಲು ಮೆಟ್ಟಿಲ ಮೇಲಿನ ಒಂದೇ ಒಂದು ಎಲ್‌ಇಡಿ ಬಲ್ಬಿನದ್ದಾಗಿತ್ತು.

ತಾರಸಿತಂತಿ:

ಎಲ್ಲ ಮಾಡಿದೆ. ಗೇನ್ 29.7ಕ್ಕೆ ಇಳಿಸಿದ ತಕ್ಷಣ ಭೂತ ಮಾಯ. ಮೇನ್ ಆರಿಸಿದಾಗ ವಾಟರ್‌ಫಾಲ್ ಎಷ್ಟು ಶುಭ್ರ ಅಂದರೆ ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತೆ. (ಧಾರಾವಾಹಿ ಹೊತ್ತಲ್ಲಿ ಆರಿಸಿದ್ದಕ್ಕೆ ಬೈಗುಳ ಬೇರೆ.) ಆದರೆ ಉಪಗ್ರಹ ಇನ್ನೂ ಇಲ್ಲ. ನೋವಾ-15ಕ್ಕೆ 137.62, ನೋವಾ-18ಕ್ಕೆ 137.9125, ಅವೂ ಖಾಲಿ.

ಹಳೇಟ್ರಾನ್ಸಿಸ್ಟರ್:

ತಂತಿ ಮುಟ್ಟಬೇಡಿ. ನೀವು ನೋಡಿದ ವಿಡಿಯೋ ಯಾವ ವರ್ಷದ್ದು?

ತಾರಸಿತಂತಿ:

2019. ಯಾಕೆ?

ಹಳೇಟ್ರಾನ್ಸಿಸ್ಟರ್:

ನಿಮ್ಮ ತಂತಿ ಸರಿ ಇದೆ. ಆ ಕಡೆ ಮಾತಾಡುವವರೇ ಇಲ್ಲ. ಆ ಮೂರೂ ಉಪಗ್ರಹಗಳನ್ನು 2025ರಲ್ಲಿ ನಿಲ್ಲಿಸಿಬಿಟ್ಟರು. ನೋವಾ-18 ಜೂನ್‌ನಲ್ಲಿ ಹೋಯಿತು, ನೋವಾ-19 ಮತ್ತು ನೋವಾ-15 ಆಗಸ್ಟ್‌ನಲ್ಲಿ ಒಂದು ವಾರದ ಅಂತರದಲ್ಲಿ. ನೋವಾ-15 ಹಾರಿದ್ದು 1998ರಲ್ಲಿ, ಬಾಳಿದ್ದು ಇಪ್ಪತ್ತೇಳು ವರ್ಷ. ನಾನು ಮೊದಲು ಇಳಿಸಿದ ಚಿತ್ರ ಅದರದ್ದೇ. ಸೆಕೆಂಡಿಗೆ ಎರಡು ಗೆರೆಯಂತೆ ಮೋಡ ಇಳಿದು ಬರುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ.

ನಿಮ್ಮನ್ನು ಬೇಸ್ತು ಬೀಳಿಸಿದ್ದು ಟ್ರ್ಯಾಕರ್. ಅದು ಲೆಕ್ಕ ಹಾಕುವುದು ಕಕ್ಷೆಯನ್ನು ಮಾತ್ರ. ಟ್ರಾನ್ಸ್‌ಮಿಟರ್ ಆರಿದರೂ ಡಬ್ಬ ಸುತ್ತುತ್ತಲೇ ಇರುತ್ತದಲ್ಲ, ಹಾಗಾಗಿ ಪಾಸ್ (ನಮ್ಮ ಆಕಾಶದಲ್ಲಿ ಹಾದುಹೋಗುವ ಹೊತ್ತು) ತೋರಿಸುತ್ತಲೇ ಇರುತ್ತದೆ. ನೀವು ಒಂಬತ್ತು ಸಲ ಕಾದದ್ದು ಬೀಗ ಹಾಕಿದ ಮನೆಯ ಬಾಗಿಲಲ್ಲಿ.

ಈಗ ರಷ್ಯಾದ ಹವಾಮಾನ ಉಪಗ್ರಹಗಳಾದ ಮೆಟಿಯೋರ್ ಎಂ2-3 ಮತ್ತು ಎಂ2-4 ಹಿಡಿಯಿರಿ. ಎರಡೂ ಸಾಮಾನ್ಯವಾಗಿ 137.9 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತವೆ, ಆಗಾಗ 137.1ಕ್ಕೂ ಬದಲಾಯಿಸುತ್ತಾರೆ. ಮೊದಲು ಎಂ2-4 ನೋಡಿ, ದನಿ ಗಟ್ಟಿ. ಎಂ2-3ರ ಆಂಟೆನಾ ಮೇಲೆ ಹೋದ ಮೇಲೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ, ಅದಕ್ಕೇ ಅದು ಮಧ್ಯೆ ಮಧ್ಯೆ ಸೊರಗುತ್ತದೆ. ನಿಮ್ಮ ವಿ ತಂತಿ ಹಾಗೇ ಸಾಕು.

ಇದು ಡಿಜಿಟಲ್, ಟಿಕ್‌ಟಾಕ್ ಇರಲ್ಲ. ಕಿವಿಗೆ ಆಗಲೂ ಸುರ್ರೇ. ವಾಟರ್‌ಫಾಲ್‌ನಲ್ಲಿ ನೂರು ಕಿಲೋಹರ್ಟ್ಸ್‌ಗೂ ಜಾಸ್ತಿ ಅಗಲದ ಮಸುಕು ಪಟ್ಟಿ ಎದ್ದರೆ ಅದೇ. ಸ್ಯಾಟ್‌ಡಂಪ್ ಅನ್ನುವ ಉಚಿತ ತಂತ್ರಾಂಶ ಹಾಕಿ, ಕಕ್ಷೆಯ ದತ್ತಾಂಶ ಅಪ್‌ಡೇಟ್ ಮಾಡಿ, ಈ ಉಪಗ್ರಹಗಳ ಸಿಗ್ನಲ್ ಬಗೆಯಾದ ಮೆಟಿಯೋರ್ ಎಲ್‌ಆರ್‌ಪಿಟಿ 72ಕೆ ಆಯ್ದುಕೊಳ್ಳಿ.

ತಾರಸಿತಂತಿ:

ಹನ್ನೊಂದು ದಿನ! ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಇವತ್ತು ಬೆಳಗ್ಗೆ ಎಂ2-4 ಹಿಡಿದೆ. ಪಟ್ಟಿ ಎದ್ದಿತು, ಕೈ ನಡುಗಿತು. ಆದರೆ ಸ್ಯಾಟ್‌ಡಂಪ್ ಒಂದು ಸಲ ಸಿಗ್ನಲ್‌ಗೆ ಲಾಕ್ ಆಗುತ್ತದೆ, ಮತ್ತೆ ಬಿಡುತ್ತದೆ. ಮೊದಲ ಐದು ನಿಮಿಷ ಚಿತ್ರವೇ ಇಲ್ಲ, ಆಮೇಲೆ ಕಪ್ಪು ಪಟ್ಟೆ ಪಟ್ಟೆ.

ಗೇನ್‌ಗೌಡ:

ಡಾಂಗಲ್ ಬಿಸಿಯಾಗುವವರೆಗೆ ಅದರೊಳಗೆ ಆವರ್ತನ ನಿಗದಿ ಮಾಡುವ ಹರಳಿನ ಲೆಕ್ಕ ಜರುಗುತ್ತಿರುತ್ತದೆ, ಅಗ್ಗದವುಗಳ ಗುಣವೇ ಅದು. ಪಾಸ್‌ಗೆ ಇಪ್ಪತ್ತು ನಿಮಿಷ ಮೊದಲೇ ಚಾಲೂ ಮಾಡಿ ಬಿಡಿ. ಆಮೇಲೆ ಆಕಾಶವಾಣಿಯ 100.6 ನಿಮ್ಮ ಪರದೆಯಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ಎಫ್‌ಎಂ ಅಗಲ ಜಾಸ್ತಿ, ಕರಾರುವಾಕ್ಕು ಅಲ್ಲ, ಆದರೂ ಅಂದಾಜು ಸಿಗುತ್ತದೆ. 6 ಕಿಲೋಹರ್ಟ್ಸ್ ಜರುಗಿದ್ದರೆ ಸುಮಾರು 60 ಪಿಪಿಎಂ (ಹತ್ತು ಲಕ್ಷಕ್ಕೆ 60 ಪಾಲು) ತಪ್ಪು, 137.9ರಲ್ಲಿ ಅದೇ 8 ಕಿಲೋಹರ್ಟ್ಸ್ ಆಗುತ್ತದೆ. ಅಷ್ಟನ್ನು ಪಿಪಿಎಂ ಖಾನೆಯಲ್ಲಿ ಸರಿಪಡಿಸಿ.

ಹಳೇಟ್ರಾನ್ಸಿಸ್ಟರ್:

ಆಕಾಶವಾಣಿ ಹಿಡಿದು ಡಾಂಗಲ್ ಸರಿಮಾಡುವುದು, ಅದೂ ಮೈಸೂರಲ್ಲಿ! 1935ರಲ್ಲಿ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಶುರು ಮಾಡಿದ ಊರು ಅದು. ಆಕಾಶವಾಣಿ ಅನ್ನೋ ಹೆಸರೂ ಅಲ್ಲಿಂದಲೇ ಬಂದದ್ದು.

ತಾರಸಿತಂತಿ:

ಬಂತು!! 54 ಪಿಪಿಎಂ ಹಾಕಿದೆ, ಅರ್ಧ ಗಂಟೆ ಬಿಸಿ ಮಾಡಿದೆ. ಉತ್ತರದ ಕಡೆ ನೀರಿನ ಟ್ಯಾಂಕ್ ಅಡ್ಡ ಇರುವುದರಿಂದ ಕೊನೆಗೆ ಸ್ವಲ್ಪ ಕತ್ತರಿಸಿಹೋಗಿದೆ, ಉಳಿದದ್ದೆಲ್ಲ ಒಂದೇ ಪಟ್ಟಿನಲ್ಲಿ ಇಳಿಯಿತು. ಶ್ರೀಲಂಕಾ ಗುಂಡಗೆ ಕಾಣುತ್ತದೆ, ಪಶ್ಚಿಮ ಕರಾವಳಿ ಗೆರೆ ಎಳೆದ ಹಾಗಿದೆ, ಘಟ್ಟದ ಉದ್ದಕ್ಕೂ ಮೋಡದ ಸಾಲು. ಒಂದೇ ಅನುಮಾನ, ಶ್ರೀಲಂಕಾ ಯಾಕೆ ಮೇಲಿದೆ?

ಹಳೇಟ್ರಾನ್ಸಿಸ್ಟರ್:

ದಕ್ಷಿಣದಿಂದ ಉತ್ತರಕ್ಕೆ ಹೋದ ಪಾಸ್ ಅದು. ಮೊದಲು ಕಂಡದ್ದು ಮೇಲೆ ಬರುತ್ತದೆ. 180 ಡಿಗ್ರಿ ತಿರುಗಿಸಿ.

ತಾರಸಿತಂತಿ:

ತಿರುಗಿಸಿದೆ, ಸರಿಯಾಯಿತು. ಶೀರ್ಷಿಕೆಗೆ ‘ಬಗೆಹರಿದಿದೆ’ ಸೇರಿಸುತ್ತಿದ್ದೇನೆ. ಅಮ್ಮನಿಗೂ ತೋರಿಸಿದೆ. "ನಾಳೆ ಸಂಡಿಗೆ ಹಾಕಬಹುದಾ, ಅದನ್ನು ಹೇಳು" ಅಂದರು.