ಕೀಮೋದಲ್ಲಿ ಸತ್ತ ಕ್ಯಾನ್ಸರ್ ಸೆಲ್‌ಗಳು ಎಲ್ಲಿಗೆ ಹೋಗುತ್ತವೆ? ಅಮ್ಮ ಕೇಳಿದ ಪ್ರಶ್ನೆ

ಮಂಜು_ತುಮಕೂರು:

ಅಮ್ಮನಿಗೆ 56 ವರ್ಷ. ಎಡ ಸ್ತನದಲ್ಲಿ ಕ್ಯಾನ್ಸರ್. ಆಪರೇಷನ್‌ಗೆ ಮುಂಚೆ ಗಡ್ಡೆ ಕುಗ್ಗಿಸೋಣ ಅಂತ ಕೀಮೋ ಶುರು ಮಾಡಿದ್ದಾರೆ. ಮೂರು ವಾರಕ್ಕೊಮ್ಮೆ ಆ ಕೆಂಪು ಔಷಧಿ, ಡಾಕ್ಸೋರುಬಿಸಿನ್, ಜೊತೆಗೆ ಸೈಕ್ಲೋಫಾಸ್ಫಮೈಡ್. ನಾಲ್ಕರಲ್ಲಿ ಎರಡು ಮುಗಿದಿವೆ. ಬೆಟ್ಟದ ನೆಲ್ಲಿಕಾಯಿ ಗಾತ್ರ ಇದ್ದ ಗಡ್ಡೆ ಈಗ ಕೈಗೆ ಹುಣಸೆ ಬೀಜದಷ್ಟು ಸಿಗುತ್ತಿದೆ. ಎಲ್ಲರಿಗೂ ಖುಷಿ.

ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ತಲೆ ಎತ್ತದೇ ಕೇಳಿದಳು: "ಅಲ್ಲ ಕಣೋ, ಅಷ್ಟು ದಪ್ಪ ಇತ್ತಲ್ಲ, ಸತ್ತಿದ್ದೆಲ್ಲ ಎಲ್ಲಿಗೆ ಹೋಯ್ತು? ಒಳಗೇ ಕೊಳೀತಾ ಇದೆಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರನ್ನು ಕೇಳಿದೆ. "ಮೈಯೇ ಕ್ಲೀನ್ ಮಾಡುತ್ತೆ ಬಿಡಿ" ಅಂದರು. ಹೊರಗೆ ನಲವತ್ತು ಜನ ಕಾಯ್ತಿದ್ದರು, ಅವರನ್ನೂ ದೂರುವ ಹಾಗಿಲ್ಲ.

ನನ್ನದೇ ಇನ್ನೊಂದು ಅನುಮಾನ. ಸತ್ತ ಕ್ಯಾನ್ಸರ್ ಸೆಲ್‌ಗಳನ್ನು ನೋಡಿ ನಮ್ಮ ಇಮ್ಯೂನಿಟಿ ಪಾಠ ಕಲಿಯುತ್ತೆ, ಅದು ವ್ಯಾಕ್ಸಿನ್ ಹಾಕಿಸಿದ ಹಾಗೆ ಅಂತ ಎಲ್ಲೋ ಓದಿದೆ. ಆದರೆ ಹತ್ತನೇ ದಿನದ ರಿಪೋರ್ಟಿನಲ್ಲಿ ಅಮ್ಮನ ಬಿಳಿ ರಕ್ತಕಣ 2,100ಕ್ಕೆ ಇಳಿದಿತ್ತು. ಪಾಠ ಕಲಿಯೋರೇ ಇಲ್ಲದಿದ್ದರೆ ಕಲಿಯೋದು ಯಾರು?

ಸಾಗರದವಳು:

ಮಂಜು ಅವರೇ, ನಿಮ್ಮಮ್ಮ ಕೇಳಿದ ಪ್ರಶ್ನೆಯ ಮೇಲೇ ನಮ್ಮ ಇಡೀ ಲ್ಯಾಬು ನಡೆಯುತ್ತಿದೆ. ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷದಿಂದ ನನ್ನ ಕೆಲಸ ಅಂದರೆ ಡಿಶ್‌ನಲ್ಲಿ, ಅಂದರೆ ಲ್ಯಾಬಿನ ಪುಟ್ಟ ತಟ್ಟೆಯಲ್ಲಿ, ಸೆಲ್‌ಗಳನ್ನು ಸಾಯಿಸೋದು, ಅವು ಹೇಗೆ ಸತ್ತವು ಅಂತ ಕೂತು ನೋಡೋದು. "ಅದಕ್ಕೂ ಸಂಬಳ ಕೊಡ್ತಾರನೇ?" ಅಂತ ನಮ್ಮಜ್ಜಿ ಕೇಳಿದ್ದರು.

ಮೊದಲು ಅಮ್ಮನಿಗೆ ಉತ್ತರ. ಕೊಳೆಯೋದಿಲ್ಲ. ಕೊಳೆಯೋಕೆ ಬಿಡೋದೇ ಇಲ್ಲ.

ನಮ್ಮದು ಅಡಿಕೆ ತೋಟ. ಹಣ್ಣಾದ ಸೋಗೆ ಹಾಳೆಸಮೇತ ತಾನೇ ಕಳಚಿ ದೊಪ್ಪೆಂದು ಬೀಳುತ್ತದೆ. ಮರದ ಮೇಲೆ ಒಂದು ಉಂಗುರದ ಗುರುತು, ಅಷ್ಟೇ. ಗಾಯ ಇಲ್ಲ, ರಸ ಸೋರೋದಿಲ್ಲ. ಅದೇ ಗಾಳಿಮಳೆಗೆ ಹಸಿ ಸೋಗೆ ಹರಿದು ಬಿದ್ದರೆ ಮರದಲ್ಲಿ ಸೀಳು ಉಳಿಯುತ್ತದೆ. ಸೆಲ್‌ಗಳ ಸಾವೂ ಹೀಗೆ ಬೇರೆ ಬೇರೆ ಥರ. ತಾನಾಗಿ ಕಳಚಿಕೊಳ್ಳುವ ಸಾವಿಗೆ 1972ರಲ್ಲಿ ಕೆರ್, ವೈಲಿ, ಕರಿ ಅನ್ನೋ ಮೂವರು 'ಅಪೊಪ್ಟೋಸಿಸ್' ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದದ ಅರ್ಥ ಮರದಿಂದ ಎಲೆ ಉದುರೋದು. ಅದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣಮುಂದೆ ಬಂದದ್ದು ನಮ್ಮ ತೋಟವೇ.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೀಗಿರುತ್ತದೆ. ಡಿಶ್‌ಗೆ ಅಂಟಿಕೊಂಡು ಹರಡಿದ್ದ ಸೆಲ್ ಮೊದಲು ಮುದುಡಿ ಉಂಡೆ ಆಗುತ್ತದೆ. ಆಮೇಲೆ ಮೈಯೆಲ್ಲ ಗುಳ್ಳೆ. ರಾಗಿ ಅಂಬಲಿ ಕುದಿಯುವಾಗ ಬುಳುಬುಳು ಅನ್ನುತ್ತಲ್ಲ, ಥೇಟ್ ಹಾಗೆ. ಕೊನೆಗೆ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿ ಪೊಟ್ಟಣದ ಬಾಯಿಯೂ ಬಿಗಿಯಾಗಿ ಮುಚ್ಚಿರುತ್ತದೆ. ಒಳಪದರದಲ್ಲಿದ್ದ ಫಾಸ್ಫಾಟಿಡಿಲ್‌ಸೆರಿನ್ ಅನ್ನೋ ಕೊಬ್ಬು ಹೊರಮುಖಕ್ಕೆ ಬರುತ್ತದೆ. 'ನನ್ನನ್ನು ತಿನ್ನು' ಅಂತ ಚೀಟಿ ಅಂಟಿಸಿದ ಹಾಗೆ. ಮ್ಯಾಕ್ರೋಫೇಜ್ ಅನ್ನೋ ಕಸ ಎತ್ತುವ ಸೆಲ್ ಬಂದು ನುಂಗಿಬಿಡುತ್ತದೆ. ಒಳಗಿನ ಸಾಮಾನನ್ನೆಲ್ಲ ಬಿಡಿಸಿ ಮತ್ತೆ ಬಳಸುತ್ತದೆ. ಸತ್ತ ಸೆಲ್‌ನ ಡಿಎನ್‌ಎಯಲ್ಲಿ ಒಂದು ಭಾಗ ಯೂರಿಕ್ ಆಸಿಡ್ ಆಗಿ ಮೂತ್ರದಲ್ಲಿ ಹೋಗುತ್ತದೆ.

ಇದು ಕೀಮೋಗೆ ಅಂತಲೇ ನಡೆಯುವ ಕೆಲಸ ಅಲ್ಲ. 2021ರ ಒಂದು ಲೆಕ್ಕದ ಪ್ರಕಾರ ಆರೋಗ್ಯವಾಗಿರುವ ದೊಡ್ಡವರ ಮೈಯಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಸೆಲ್‌ಗಳು ಸತ್ತು ಹೊಸವು ಬರುತ್ತವೆ. ಹೆಚ್ಚಿನವು ರಕ್ತದವು. ತೂಕ ಹಾಕಿದರೆ 80 ಗ್ರಾಂ. ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಕೋಟಿಗಟ್ಟಲೆ ಹೋಗಿರುತ್ತವೆ. ಎಲ್ಲೂ ನೋವಿಲ್ಲ, ಜ್ವರ ಇಲ್ಲ.

ಈಗ ನಿಮ್ಮ ಅನುಮಾನ. ಇಲ್ಲೇ ತೊಡಕು ಇರೋದು. ಇಷ್ಟು ಸದ್ದಿಲ್ಲದ ಸಾವಿನಿಂದ ಇಮ್ಯೂನಿಟಿ ಏನೂ ಕಲಿಯೋದಿಲ್ಲ. ಕಲಿಯಲೂಬಾರದು. ದಿನಾ ಸಾಯುವ ನಮ್ಮದೇ ಸೆಲ್‌ಗಳ ಮೇಲೆ ಯುದ್ಧಕ್ಕೆ ಹೋದರೆ ನಾವು ಉಳಿಯಬೇಕಲ್ಲ! ಈ ಕಸ ಎತ್ತುವ ಕೆಲಸ ಕೆಟ್ಟವರಿಗೆ ಲೂಪಸ್‌ನಂಥ, ಇಮ್ಯೂನಿಟಿ ನಮ್ಮ ಮೈಮೇಲೇ ತಿರುಗಿಬೀಳುವ ಕಾಯಿಲೆ ಬರೋದುಂಟು. ಅದಕ್ಕೇ ಮ್ಯಾಕ್ರೋಫೇಜ್ ಹೀಗೆ ಸತ್ತದ್ದನ್ನು ತಿಂದ ಮೇಲೆ ಸುತ್ತಲಿನವರಿಗೆ 'ಏನೂ ಆಗಿಲ್ಲ, ಸುಮ್ಮನಿರಿ' ಅನ್ನುವ ರಾಸಾಯನಿಕ ಬಿಡುತ್ತದೆ. ಕ್ಯಾನ್ಸರ್ ಗಡ್ಡೆಗೆ ಇದು ಅನುಕೂಲ. ಬೆಳೆಯುವ ಗಡ್ಡೆಯೊಳಗೂ ದಿನಾ ಸೆಲ್‌ಗಳು ಸಾಯುತ್ತಲೇ ಇರುತ್ತವೆ, ಸುಮ್ಮನಿರಿ ಅನ್ನುವ ಮಾತೂ ಹರಡುತ್ತಲೇ ಇರುತ್ತದೆ.

ಹಾಗಾದರೆ ಕಲಿಯೋದು ಯಾವಾಗ? ಊರಲ್ಲಿ ಯಾರಾದರೂ ಹೋದರೆ ನೆಂಟರಿಗೆ ಸುದ್ದಿ ಮುಟ್ಟಿಸೋಕೆ ಆಳು ಕಳಿಸುತ್ತಿದ್ದರಲ್ಲ, ಕೆಲವು ಸೆಲ್‌ಗಳು ಸಾಯುವಾಗ ಹಾಗೆ ಸುದ್ದಿ ಕಳಿಸಿ ಸಾಯುತ್ತವೆ. ನಿಮ್ಮಮ್ಮನಿಗೆ ಕೊಡುತ್ತಿರುವ ಡಾಕ್ಸೋರುಬಿಸಿನ್ ಆ ಥರದ ಸಾವು ತರುವ ಔಷಧಿ. ಪ್ಯಾರಿಸ್ ಪಕ್ಕದ ವಿಲ್‌ಜ್ವೀಫ್‌ನಲ್ಲಿ ಗೀಡೋ ಕ್ರೋಮರ್, ಲಾರೆನ್ಸ್ ಜಿಟ್‌ವೋಗೆಲ್ ಅವರ ತಂಡ 2005ರಲ್ಲಿ ಇದನ್ನು ತೋರಿಸಿತು. ಇಲಿಯ ಕರುಳು ಕ್ಯಾನ್ಸರ್ ಸೆಲ್‌ಗಳನ್ನು ಡಿಶ್‌ನಲ್ಲಿ ಈ ಔಷಧಿ ಹಾಕಿ ಸಾಯಿಸಿದರು. ಸತ್ತದ್ದನ್ನು ಇಲಿಯ ಒಂದು ಪಕ್ಕಕ್ಕೆ ಚುಚ್ಚಿದರು. ಆಮೇಲೆ ಇನ್ನೊಂದು ಪಕ್ಕಕ್ಕೆ ಜೀವ ಇರುವ ಕ್ಯಾನ್ಸರ್ ಸೆಲ್ ಚುಚ್ಚಿದರು. ಹೆಚ್ಚಿನ ಇಲಿಗಳಲ್ಲಿ ಗಡ್ಡೆ ಬೆಳೆಯಲಿಲ್ಲ. ನೀವು ಓದಿದ ವ್ಯಾಕ್ಸಿನ್ ಮಾತು ಹುಟ್ಟಿದ್ದು ಇಂಥ ಪ್ರಯೋಗಗಳಿಂದ. ಎಲ್ಲ ಔಷಧಿಯೂ ಹೀಗೆ ಮಾಡೋದಿಲ್ಲ. ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್ ಎರಡೂ ಪ್ಲಾಟಿನಮ್ ಔಷಧಿಗಳು, ಅಣ್ಣತಮ್ಮ ಇದ್ದ ಹಾಗೆ. ಮೊದಲನೆಯದು ಸುದ್ದಿ ಮುಟ್ಟಿಸುತ್ತದೆ, ಎರಡನೆಯದು ಆ ಕೆಲಸದಲ್ಲಿ ಸೋಮಾರಿ.

ಸುದ್ದಿ ಅಂದರೆ ಏನು? ಸೆಲ್ ಒಳಗೆ ಅಡಗಿರುವ ಕ್ಯಾಲ್‌ರೆಟಿಕ್ಯುಲಿನ್ ಅನ್ನೋ ಪ್ರೋಟೀನು ಸಾಯುವ ಮುಂಚೆಯೇ ಮೈಮೇಲೆ ಬಂದು ಕೂರುತ್ತದೆ. ಸೆಲ್ ತನಗೆ ಶಕ್ತಿ ಕೊಡುವ ಎಟಿಪಿ ಅನ್ನೋ ರಾಸಾಯನಿಕವನ್ನು ಹೊರಗೆ ಬಿಡುತ್ತದೆ, ಆ ವಾಸನೆ ಹಿಡಿದು ಇಮ್ಯೂನಿಟಿಯ ಸುದ್ದಿಗಾರರಾದ ಡೆಂಡ್ರಿಟಿಕ್ ಸೆಲ್‌ಗಳು ಬರುತ್ತವೆ. ಕೊನೆಗೆ ಎಚ್‌ಎಮ್‌ಜಿಬಿ1 ಅನ್ನೋ ಇನ್ನೊಂದು ಪ್ರೋಟೀನು ಸೋರುತ್ತದೆ, 'ಇದು ಮಾಮೂಲಿ ಸಾವಲ್ಲ' ಅನ್ನೋಕೆ. ಬಂದ ಡೆಂಡ್ರಿಟಿಕ್ ಸೆಲ್ ಸತ್ತದ್ದರ ಚೂರು ಬಾಯಲ್ಲಿ ಇಟ್ಟುಕೊಂಡು ಕಂಕುಳಿನ ಲಿಂಫ್ ಗಂಟಿಗೆ ಹೋಗುತ್ತದೆ. ಅಲ್ಲಿ ಟಿ ಸೆಲ್‌ಗಳಿಗೆ, ಅಂದರೆ ಗುರುತು ಹಿಡಿದು ಕೊಲ್ಲುವ ಬಿಳಿ ರಕ್ತಕಣಗಳಿಗೆ, ತೋರಿಸುತ್ತದೆ. ಗುರುತು ಸಿಕ್ಕ ಟಿ ಸೆಲ್ ಒಂದಿದ್ದದ್ದು ಸಾವಿರ ಆಗಿ ಹೊರಡುತ್ತದೆ.

ಎಷ್ಟು ಸತ್ತವು ಅನ್ನೋದಕ್ಕಿಂತ ಹೇಗೆ ಸತ್ತವು ಅನ್ನೋದು ಮುಖ್ಯ ಅಂತ ನಾನು ಕಲಿತದ್ದು ಪೆದ್ದುತನದಿಂದ. ಮೊದಲ ವರ್ಷ, ಶುಕ್ರವಾರ ಸಂಜೆ ಬಸ್ಸಿಗೆ ಹೊತ್ತಾಯ್ತು ಅಂತ ಔಷಧಿ ಸ್ವಲ್ಪ ಜಾಸ್ತಿಯೇ ಹಾಕಿ ಊರಿಗೆ ಹೋದೆ. ಸೋಮವಾರ ಬಂದು ನೋಡಿದರೆ ಡಿಶ್ ತುಂಬ ಗಸಿ. ಒಂದೂ ಬದುಕಿಲ್ಲ. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ 'ನೂರಕ್ಕೆ ನೂರು' ಅಂತ ಬರೆದೆ. ನಮ್ಮ ಮೇಡಂ ನೋಡಿ, "ಸತ್ತವು ಸರಿ. ಹೇಗೆ ಸತ್ತವು?" ಅಂದರು. ಹೇಳೋಕೆ ಏನೂ ಉಳಿದಿರಲಿಲ್ಲ. ಎರಡು ವಾರದ ಕೆಲಸ ಸಿಂಕಿಗೆ ಹೋಯ್ತು.

ಬಿಳಿ ರಕ್ತಕಣದ ವಿಷಯಕ್ಕೆ ಬರುತ್ತೇನೆ. 2,100 ಅಂದರೆ ಮುಖ್ಯವಾಗಿ ನ್ಯೂಟ್ರೋಫಿಲ್‌ಗಳು ಇಳಿದಿವೆ. ಬ್ಯಾಕ್ಟೀರಿಯಾ ಬಂದರೆ ಮೊದಲು ಓಡುವವು ಅವು. ಹತ್ತರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ತಳ ಮುಟ್ಟಿ ಮತ್ತೆ ಏರುತ್ತವೆ. ಮೂರು ವಾರದ ಅಂತರ ಇಡೋದು ಬಹುಮಟ್ಟಿಗೆ ಅದಕ್ಕೇ. ಟಿ ಸೆಲ್‌ಗಳೂ ಕಮ್ಮಿ ಆಗುತ್ತವೆ, ಸುಳ್ಳು ಹೇಳೋದಿಲ್ಲ. ಆದರೆ ರಕ್ತದ ರಿಪೋರ್ಟು ದಾರಿಯಲ್ಲಿ ಓಡಾಡುವವರನ್ನು ಮಾತ್ರ ಎಣಿಸುತ್ತದೆ. ಲಿಂಫ್ ಗಂಟಿನಲ್ಲಿ, ಗಡ್ಡೆಯೊಳಗೆ ಮನೆ ಮಾಡಿಕೊಂಡು ಕೂತವರು ಆ ಲೆಕ್ಕದಲ್ಲಿ ಬರೋದಿಲ್ಲ. ಟಿ ಸೆಲ್ ಇಲ್ಲದ ಇಲಿಗಳಿಗೆ ಇದೇ ಔಷಧಿ ಕೊಟ್ಟರೆ ಗಡ್ಡೆ ಅಷ್ಟು ಚೆನ್ನಾಗಿ ಕುಗ್ಗೋದಿಲ್ಲ. ಟ್ರಿಪಲ್ ನೆಗೆಟಿವ್ ಅನ್ನುವ ಬಗೆಯ (ಇಆರ್, ಪಿಆರ್, ಹರ್-2 ಅನ್ನೋ ಮೂರು ಗುರುತುಗಳೂ ಕ್ಯಾನ್ಸರ್ ಸೆಲ್‌ನಲ್ಲಿ ಇಲ್ಲದ) ಸ್ತನ ಕ್ಯಾನ್ಸರಿನಲ್ಲಿ, ಬಯಾಪ್ಸಿಯೊಳಗೆ ಟಿ ಸೆಲ್‌ನಂಥ ಇಮ್ಯೂನಿಟಿ ಸೆಲ್‌ಗಳು ಜಾಸ್ತಿ ಕಂಡರೆ ಕೀಮೋಗೆ ಗಡ್ಡೆ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತದೆ.

ಆದರೆ ವ್ಯಾಕ್ಸಿನ್ ಅನ್ನೋ ಮಾತನ್ನು ಅಮ್ಮನಿಗೆ ಹೇಳಬೇಡಿ. ಇಲಿಯಲ್ಲಿ ಆದಷ್ಟು ಸಲೀಸಾಗಿ ಮನುಷ್ಯರಲ್ಲಿ ಆಗೋದಿಲ್ಲ. ಗಡ್ಡೆಯೂ ಜಾಣ. ಬಿಟ್ಟ ಎಟಿಪಿಯನ್ನು ಕತ್ತರಿಸಿ ಅಡಿನೋಸಿನ್ ಮಾಡಿಬಿಡುತ್ತದೆ, ಅದು ಟಿ ಸೆಲ್‌ಗೆ ಜೋಗುಳ ಹಾಡಿದ ಹಾಗೆ. ಸಿಡಿ47 ಅನ್ನೋ 'ತಿನ್ನಬೇಡ' ಚೀಟಿಯನ್ನೂ ಅಂಟಿಸಿಕೊಳ್ಳುತ್ತದೆ. ಆಪರೇಷನ್, ಮುಂದಿನ ಔಷಧಿ ಯಾವುದನ್ನೂ ಬಿಡುವ ಹಾಗಿಲ್ಲ.

ಹಳೇಬೇರು:

ಇಷ್ಟೆಲ್ಲ ಸರ್ಕಸ್ ಯಾಕೆ? ಲಕ್ಷ್ಮಣಫಲ ಕೀಮೋಗಿಂತ ಹತ್ತು ಸಾವಿರ ಪಟ್ಟು ಜೋರಾಗಿ ಕ್ಯಾನ್ಸರ್ ಸೆಲ್ ಕೊಲ್ಲುತ್ತೆ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿತ್ತು. ಸೈಡ್ ಎಫೆಕ್ಟೂ ಇಲ್ಲ. ಎಲೆ ಕಷಾಯ ಕೊಟ್ಟು ನೋಡಿ.

ಸಾಗರದವಳು:

ಆ ಮೆಸೇಜ್ ನನಗೂ ಬಂದಿದೆ, ನಮ್ಮ ಚಿಕ್ಕಪ್ಪನಿಂದ. ಡಿಶ್‌ನಲ್ಲಿ ಸೆಲ್ ಕೊಲ್ಲೋದು ದೊಡ್ಡ ವಿಷಯ ಅಲ್ಲ ಸಾರ್. ಬಟ್ಟೆಗೆ ಹಾಕುವ ಬ್ಲೀಚೂ ಕೊಲ್ಲುತ್ತೆ, ಬಿಸಿನೀರೂ ಕೊಲ್ಲುತ್ತೆ. ಬೇಡದ್ದನ್ನು ಮಾತ್ರ ಕೊಲ್ಲಬೇಕು, ಮೈ ತಡೆಯುವಷ್ಟು ಪ್ರಮಾಣದಲ್ಲಿ. ಮತ್ತೆ ಸೈಡ್ ಎಫೆಕ್ಟ್ ಇಲ್ಲ ಅಂದಿರಲ್ಲ, ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಕಷಾಯ ಜಾಸ್ತಿ ಬಳಸುವವರಿಗೂ ಪಾರ್ಕಿನ್ಸನ್ ಥರದ ನಡುಕದ ಕಾಯಿಲೆಗೂ ಸಂಬಂಧ ಇದೆ ಅಂತ 1999ರಲ್ಲೇ ವರದಿ ಆಗಿದೆ. ಮಂಜು ಅವರೇ, ಕೀಮೋ ನಡೆಯುವಾಗ ಯಾವ ಕಷಾಯ ಕೊಡೋದಿದ್ದರೂ ಡಾಕ್ಟರನ್ನು ಕೇಳಿ ಕೊಡಿ.

ಬಿಎಸ್ಸಿ_ಹುಡುಗ:

ಮೇಡಂ, ಒಂದು ಡೌಟು. ಇಮ್ಯೂನಿಟಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಎಷ್ಟೋ ಇಮ್ಯುನೋಥೆರಪಿ ಔಷಧಿಗಳು ಹಿಡಿಯೋದು ಪಿಡಿ-1 ಅನ್ನೋ ಪ್ರೋಟೀನನ್ನು. ಪಿಡಿ ಅಂದರೆ 'ಪ್ರೋಗ್ರಾಮ್ಡ್ ಡೆತ್' ಅಂತೆ. ಹಾಗಾದರೆ ಅದೂ ಸೆಲ್ ಸಾವಿನ ಪ್ರೋಟೀನಾ?

ಸಾಗರದವಳು:

ಅಲ್ಲ! ಅದು ಎಡವಟ್ಟಿನ ಹೆಸರು. 1992ರಲ್ಲಿ ಜಪಾನಿನ ಕ್ಯೋಟೋದ ತಸುಕು ಹೊಂಜೊ ಅವರ ಲ್ಯಾಬಿನಲ್ಲಿ ಸೆಲ್ ಸಾಯುವಾಗ ಯಾವ ಜೀನ್ ಎದ್ದು ಕೂರುತ್ತೆ ಅಂತ ಹುಡುಕುತ್ತಿದ್ದರು. ಇದು ಸಿಕ್ಕಿತು, ಸಾವಿನ ಹೆಸರೇ ಇಟ್ಟರು. ವರ್ಷಗಳ ನಂತರ ಗೊತ್ತಾಯ್ತು, ಅದು ಟಿ ಸೆಲ್‌ನ ಬ್ರೇಕು ಅಂತ. ಆ ಜೀನ್ ತೆಗೆದ ಇಲಿಗಳಿಗೆ ಲೂಪಸ್ ಥರದ ಕಾಯಿಲೆ ಬಂತು. ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು, ಹೆಸರು ಮಾತ್ರ ಹಾಗೇ ಉಳೀತು.

ನೀವು ಕೇಳಿದ್ದು ಒಳ್ಳೇದಾಯ್ತು, ಮಂಜು ಅವರಿಗೂ ಇದು ಬೇಕು. ಕೀಮೋ ಸುದ್ದಿ ಮುಟ್ಟಿಸಿದರೂ ಬ್ರೇಕು ಹಿಡಿದಿದ್ದರೆ ಟಿ ಸೆಲ್ ಮುಂದೆ ಹೋಗೋದಿಲ್ಲ. ಅದಕ್ಕೇ ಕೀಮೋ, ಬ್ರೇಕು ಬಿಡಿಸುವ ಔಷಧಿ ಎರಡನ್ನೂ ಜೊತೆಗೆ ಕೊಟ್ಟು ನೋಡಿದರು. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರಿನಲ್ಲಿ ಆಪರೇಷನ್‌ಗೆ ಮುಂಚೆ ಬರೀ ಕೀಮೋ ಕೊಟ್ಟಾಗ ನೂರಕ್ಕೆ 51 ಜನರಲ್ಲಿ ಗಡ್ಡೆ ಪೂರ್ತಿ ಮಾಯ ಆಗಿತ್ತು. ಪಿಡಿ-1 ತಡೆಯುವ ಪೆಂಬ್ರೋಲಿಜುಮ್ಯಾಬ್ ಸೇರಿಸಿದಾಗ ಸುಮಾರು 65 ಜನರಲ್ಲಿ. ಇದು 2020ರಲ್ಲಿ ಬಂದ ಫಲಿತಾಂಶ. ಆದರೆ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಎಲ್ಲ ಬಗೆಯ ಸ್ತನ ಕ್ಯಾನ್ಸರಿಗೂ ಕೊಡೋದೂ ಇಲ್ಲ. ಅಮ್ಮನ ಇಆರ್, ಪಿಆರ್, ಹರ್-2 ರಿಪೋರ್ಟು ಏನಿದೆ ಅಂತ ನೋಡಿ ಡಾಕ್ಟರನ್ನೇ ಕೇಳಿ.

ಡೇಕೇರ್_ಸಿಸ್ಟರ್:

ಮೇಡಂ ಸೈನ್ಸ್ ಹೇಳಿದರು, ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಕೆಂಪು ಔಷಧಿ ಹಾಕಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ. ಅದು ರಕ್ತ ಅಲ್ಲ, ಔಷಧಿಯ ಬಣ್ಣ. ಮೊದಲೇ ಹೇಳದಿದ್ದರೆ ಪೇಷಂಟ್‌ಗಳು ಗಾಬರಿ ಬಿದ್ದು ರಾತ್ರಿಯೆಲ್ಲ ಅಳುತ್ತಾರೆ. ನೀರು ಚೆನ್ನಾಗಿ ಕುಡಿಸಿ, ಸೈಕ್ಲೋಫಾಸ್ಫಮೈಡ್ ಮೂತ್ರಕೋಶಕ್ಕೆ ಉರಿ ಮಾಡುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಮಾತ್ರೆ ಕೊಟ್ಟು ಮಲಗಿಸಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಕಣ ಇಳಿದಾಗ ಜ್ವರ ಅಂದರೆ ಹುಡುಗಾಟ ಅಲ್ಲ.

ಮಂಜು_ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ಥರ್ಮಾಮೀಟರ್ ಇವತ್ತೇ ತಂದೆ. ಫೈಲ್ ತೆಗೆದು ನೋಡಿದೆ, ಮೂರೂ ನೆಗೆಟಿವ್ ಅಂತಲೇ ಇದೆ. ಗುರುವಾರ ಮೂರನೇ ಕೀಮೋ, ಆ ಇಮ್ಯುನೋಥೆರಪಿ ವಿಷಯ ಅಲ್ಲೇ ಕೇಳುತ್ತೇನೆ, ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತಾ ಅಂತಲೂ.

ಅಮ್ಮನಿಗೆ ಸೋಗೆ ಕಥೆ ಹೇಳಿದೆ. ನಮ್ಮಲ್ಲಿ ಅಡಿಕೆಗಿಂತ ತೆಂಗು ಜಾಸ್ತಿ, ಗರಿ ಅಂತ ಬದಲಾಯಿಸಿಕೊಂಡೆ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೆಂಪಗೆ ಬರೋದು ರಕ್ತ ಅಲ್ವಂತಾ?" ಅಂದಳು. ಎರಡು ಸಲವೂ ಬಂದಿತ್ತಂತೆ. ನಮ್ಮ ಯಾರಿಗೂ ಹೇಳಿರಲಿಲ್ಲ.