ಕಣ್ಣು ಆಡಿದರೂ ಲೋಕ ಯಾಕೆ ಆಡಲ್ಲ? ನರರೋಗ ವೈದ್ಯರನ್ನು ಕೇಳಿ

ಹಾಸನದ ಸದಸ್ಯ: ಸರ್, ಮೊಬೈಲ್ ಬೀಸುತ್ತಾ ತೆಗೆದ ವೀಡಿಯೊ ನೋಡೋಕಾಗಲ್ಲ. ಕಣ್ಣೂ ಹಾಗೇ ಹಾರಾಡುತ್ತಲ್ಲ, ಲೋಕ ಹೇಗೆ ನಿಂತೇ ಇರುತ್ತೆ?

ವೈದ್ಯರು: ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಜಿಗಿಯುತ್ತೆ. ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಹೊರಡುವಾಗಲೇ ಅದರ ನಕಲೊಂದು ಮೆದುಳಿನ ನೋಟದ ಭಾಗಗಳಿಗೂ ಹೋಗುತ್ತೆ. ಆ ಲೆಕ್ಕ ಹಿಡಿದು ಮೆದುಳು ಕಣ್ಣಿನ ಓಟವನ್ನು ಕಳೆಯುತ್ತೆ. ಒಂದು ಕಣ್ಣು ಮುಚ್ಚಿ, ಇನ್ನೊಂದರ ಹೊರಮೂಲೆಯನ್ನು ರೆಪ್ಪೆಯ ಮೇಲಿಂದ ಮೆಲ್ಲಗೆ ಒತ್ತಿ. ಗೋಡೆ ಅಲ್ಲಾಡುತ್ತೆ, ಯಾಕಂದರೆ ಬೆರಳು ನೂಕಿದ್ದಕ್ಕೆ ಆಜ್ಞೆಯ ನಕಲಿಲ್ಲ. ಪೊರೆ ಆಪರೇಷನ್ ಆದವರು, ಗ್ಲಾಕೋಮಾ ಇರುವವರು ಒತ್ತಬೇಡಿ.

ಮಂಡ್ಯದ ಸದಸ್ಯೆ: ಬಸ್ಸಲ್ಲಿ ಓದಿದರೆ ಮಗನಿಗೆ ವಾಂತಿ. ಇದಕ್ಕೂ ಸಂಬಂಧ ಇದೆಯಾ ಡಾಕ್ಟ್ರೇ?

ಶಿವಮೊಗ್ಗದ ಸದಸ್ಯೆ: ಅಪ್ಪನಿಗೆ 68. ಸೋಂಕಿಗೆ ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟಿದ್ದಾರೆ. ಈಚೆಗೆ ನಡೆಯುವಾಗ ಅಂಗಡಿ ಬೋರ್ಡು ಕುಣಿಯುತ್ತಂತೆ, ನಿಂತರೆ ಸರಿ. ತಲೆಸುತ್ತಿಲ್ಲ. ಕನ್ನಡಕ ಬದಲಿಸಬೇಕಾ?

ರಾಯಚೂರಿನ ಸದಸ್ಯ: ಫಾರ್ವರ್ಡ್: ದಿನಾ 10 ನಿಮಿಷ ಸೂರ್ಯನನ್ನು ದಿಟ್ಟಿಸಿ, ಕಣ್ಣಿಗೆ ಜೇನು ಬಿಡಿ, ಕನ್ನಡಕವೇ ಬೇಡ.

ವೈದ್ಯರು: ಶಿವಮೊಗ್ಗದವರೇ, ಕನ್ನಡಕ ಬಿಡಿ. ತಲೆ ಆಡಿದಾಗ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸಿ ನೋಟ ಹಿಡಿಯೋದು ಒಳಕಿವಿ. ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ತಿರುಗಲು ಶುರುವಾಗುತ್ತೆ. ಬರೀ ನೋಡಿ ಹಿಂಬಾಲಿಸಲು ಸುಮಾರು 100 ಬೇಕು. ಅಪ್ಪನ ಎದುರು ಪತ್ರಿಕೆ ಹಿಡಿಯಿರಿ. ಕತ್ತು ನೋವಿಲ್ಲದಿದ್ದರೆ ತಲೆಯನ್ನು ಸೆಕೆಂಡಿಗೆ 2 ಸಲ, ಸ್ವಲ್ಪವೇ, ಅಡ್ಡಡ್ಡ ಆಡಿಸಲಿ. ಅಕ್ಷರ ಓದಲು ಬರಬೇಕು. ತಲೆ ನಿಲ್ಲಿಸಿ ಪತ್ರಿಕೆಯನ್ನು ಅದೇ ವೇಗದಲ್ಲಿ ಆಡಿಸಿದರೆ ಎಲ್ಲರಿಗೂ ಕಲಸಿಹೋಗುತ್ತೆ. ಅವರಿಗೆ ಎರಡೂ ಕಲಸಿದರೆ ಒಳಕಿವಿಯ ಮೇಲೆ ಅನುಮಾನ. ಕಿವಿ ಚೆನ್ನಾಗಿ ಕೇಳುತ್ತಿದ್ದರೂ ಜೆಂಟಾಮೈಸಿನ್ ಒಳಕಿವಿಯಲ್ಲಿ ತಲೆಯ ಚಲನೆ ಗುರುತಿಸುವ ಸಮತೋಲನದ ರೋಮಕೋಶಗಳನ್ನು ಕೊಲ್ಲಬಲ್ಲದು. ಎರಡೂ ಕಡೆ ಸಮನಾಗಿ ಹೋದರೆ ತಲೆ ಸುತ್ತಲ್ಲ, ಅದಕ್ಕೇ ತಡವಾಗಿ ಗೊತ್ತಾಗೋದು. ಕತ್ತಲಲ್ಲಿ ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ. ಇಂಜೆಕ್ಷನ್ ಮುಗಿದಿದೆಯಾ, ಇನ್ನೂ ನಡೀತಿದೆಯಾ?

ರಾಯಚೂರಿನವರೇ, ಸೂರ್ಯನನ್ನು ದಿಟ್ಟಿಸಿದರೆ ರೆಟಿನಾ ಸುಡುತ್ತೆ, ಹೋದ ದೃಷ್ಟಿ ಮರಳದೇ ಇರಬಹುದು. ಜೇನೂ ಬೇಡ. ಮೆಸೇಜ್ ಅಳಿಸಿ.

ಹಾಸನದ ಸದಸ್ಯ: ಕಣ್ಣು ಜಿಗಿಯುವಾಗ ನಾವು ಪೂರ್ತಿ ಕುರುಡರು. ಕನ್ನಡಿಯಲ್ಲಿ ನಮ್ಮ ಕಣ್ಣಿನ ಓಟ ನಮಗೇ ಕಾಣಲ್ಲ.

ಧಾರವಾಡದ ಸದಸ್ಯ: ಪೂರ್ತಿ ಅಲ್ರೀ. ರೈಲಿನ ಕಿಟಕಿಯಿಂದ ಪಕ್ಕದ ಹಳಿ ನೋಡ್ರಿ, ಹಳಿ ಕೆಳಗಿನ ಅಡ್ಡಪಟ್ಟಿ, ಅಂದ್ರ ಸ್ಲೀಪರ್, ಎಲ್ಲಾ ಕಲಸಿರತಾವ. ನೋಟ ರೈಲಿನ ಹಿಂದಕ್ಕ ಜಿಗಿಸಿದ್ರ ಒಂದು ಕ್ಷಣ ಸ್ಲೀಪರು, ಜಲ್ಲಿಕಲ್ಲು ನಿಂತಂಗ ಕಾಣತಾವ. ಕುರುಡಾಗಿದ್ರ ಹೆಂಗ ಕಾಣತಾವ?

ಹಾಸನದ ಸದಸ್ಯ: ಅದು ಭ್ರಮೆ.

ಧಾರವಾಡದ ಸದಸ್ಯ: ನೋಡದ ಮಾತಾಡಬ್ಯಾಡ್ರಿ.

ವೈದ್ಯರು: ಧಾರವಾಡದವರು ಹೇಳಿದ್ದು ಸರಿ. ಜಿಗಿತದ ಹೊತ್ತಿಗೆ ನೋಟ ಕುಗ್ಗುತ್ತೆ, ಆರುವುದಿಲ್ಲ. ಜಗಳ ಸಾಕು.

ತುಮಕೂರಿನ ಸದಸ್ಯ: ಕನ್ನಡಕದ ನಂಬರ್ ಬದಲಾದರೆ ಬೋರ್ಡು ಕುಣಿಯುತ್ತಾ ಸರ್?

ವೈದ್ಯರು: ಮೇಲೆ ಬರೆದಿದ್ದೇನೆ. ಓದಿ.

ಮಂಡ್ಯದ ಸದಸ್ಯೆ: ನನ್ನ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಶಿವಮೊಗ್ಗದ ಸದಸ್ಯೆ: ಎರಡೂ ಕಲಸಿತು ಸರ್. ಇನ್ನೂ 4 ಇಂಜೆಕ್ಷನ್ ಬಾಕಿ, ಮುಂದಿನದು ಇವತ್ತು ರಾತ್ರಿ 8ಕ್ಕೆ.

ವೈದ್ಯರು: 8ರೊಳಗೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಫೋನ್ ಮಾಡಿ. 'ತಲೆ ಆಡಿದರೆ ನೋಟ ಕುಣಿಯುತ್ತಿದೆ' ಅಂತ ಮೊದಲು ಹೇಳಿ. ಆಮೇಲೆ ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಎಷ್ಟಿದೆ, ಬೇರೆ ಆಂಟಿಬಯಾಟಿಕ್ ಆಗುತ್ತಾ ಕೇಳಿ. ಸೋಂಕಿಗೆ ಬದಲಿ ಔಷಧ ಬೇಕೇ ಬೇಕು, ನೀವಾಗಿ ಸುಮ್ಮನೆ ನಿಲ್ಲಿಸಬೇಡಿ. ನಾಳೆ ಇಎನ್‌ಟಿಯಲ್ಲಿ ಹೆಡ್ ಇಂಪಲ್ಸ್ ಪರೀಕ್ಷೆ (ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣು ನೋಟ ಹಿಡಿಯುತ್ತಾ ಅಂತ ನೋಡೋದು) ಮಾಡಿಸಿ. ಫೋನ್ ಆದಮೇಲೆ ಇಲ್ಲಿ ಬರೀರಿ.